ಪ್ಲಗ್ಗಿನಿಂದ ಉದುರಿದ ಮಣಿಗಳು

ಕಾರು, ಸ್ಕೂಟರುಗಳ ಪೆಟ್ರೋಲಿನಿಂದ ಸೀಸ ತೆಗೆದು ಬಹಳ ವರ್ಷಗಳಾದವು. ಬಹುಪಾಲು ಸಣ್ಣ ವಿಮಾನಗಳು ಕುಡಿಯುವ ಪೆಟ್ರೋಲಿನಲ್ಲಿ ಅದು ಇವತ್ತಿಗೂ ಇದೆ. ಇದೇನು ಗುಟ್ಟಲ್ಲ; ಪೀಪಾಯಿಯ ಮೈಮೇಲೆ ಅಚ್ಚು ಹಾಕಿರುತ್ತಾರೆ. ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲವೆಂದರೆ ತಪ್ಪು ಪೀಪಾಯಿಯದಲ್ಲ. ಟರ್ರೆಂದು ನೆತ್ತಿಯ ಮೇಲೆ ಹೋದದ್ದನ್ನು ಮಗುವಿಗೆ ಬೆರಳು ಮಾಡಿ ತೋರಿಸಿ "ಕೈ ಬೀಸು ಪುಟ್ಟಾ" ಎಂದಿರಿ, ಅಲ್ಲಿಗೆ ನಿಮ್ಮ ವಿಚಾರಣೆ ಮುಗಿಯಿತು.

ಆ ಸದ್ದಿನ ಕೆಳಗೆ ಹನ್ನೊಂದು ವರ್ಷ ಬದುಕಿದವನೊಬ್ಬನಿದ್ದ. ಎರಡು ಪುಟ್ಟ ವಿಮಾನಗಳಿದ್ದ ಹಾರಾಟದ ಕ್ಲಬ್ಬಿನಲ್ಲಿ ಮೆಕ್ಯಾನಿಕ್. ಎಲ್ಲರೂ ಅವನನ್ನು 'ಕಿವಿ' ಎನ್ನುತ್ತಿದ್ದರು. ಕಿವಿ ದೊಡ್ಡದಾಗಿತ್ತು ಅಂತಲ್ಲ. ಎಂಜಿನ್ನಿನ ಸಿಲಿಂಡರಿಗೆ ಪಂಪಿನಿಂದ ಗಾಳಿ ತುಂಬಿ, ಅದು ಎಲ್ಲಿಂದ ಸೋರುತ್ತಿದೆ ಎಂದು ಪತ್ತೆ ಹಚ್ಚುವ ಕೆಲಸವೊಂದಿದೆ. ಹೊಗೆಕೊಳವೆಯಲ್ಲಿ ಸುಯ್ ಎಂದರೆ ಒಂದು ರೋಗ, ಆಯಿಲ್ ಹಾಕುವ ಬಾಯಲ್ಲಿ ಉಸ್ ಎಂದರೆ ಇನ್ನೊಂದು ರೋಗ. ಬೇರೆಯವರು ಮೀಟರಿನ ಮುಳ್ಳು ನೋಡಿ ತಲೆ ಕೆರೆದುಕೊಳ್ಳುವಷ್ಟರಲ್ಲಿ ಇವನು ಕಣ್ಣು ಮುಚ್ಚಿ, ಕಿವಿ ಕೊಟ್ಟು, "ಮೂರನೇದು, ಹೊಗೆ ಕಡೆ ವಾಲ್ವು, ಅಂಚಲ್ಲಿ ಸುಟ್ಟಿದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅಂಚಲ್ಲಿ ಸುಟ್ಟಿರುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. ಕ್ಲಬ್ಬಿನ ಯಜಮಾನರು ಬಂದ ಅತಿಥಿಗಳಿಗೆ ವಿಮಾನಕ್ಕಿಂತ ಮೊದಲು ಇವನನ್ನೇ ತೋರಿಸುತ್ತಿದ್ದರು. "ನಮ್ಮ ಕಿವಿ ಸುಳ್ಳು ಹೇಳಲ್ಲ ಸಾರ್." ಅತಿಥಿಗಳು ನಗುತ್ತಿದ್ದರು. ಇವನು ಕೈ ಒರೆಸಿಕೊಂಡು, ಬಾಗಿ, ನಗುತ್ತಿದ್ದ.

ಕೈ ಒರೆಸಿಕೊಳ್ಳುತ್ತಿದ್ದದ್ದು ಯಾವುದರಲ್ಲಿ ಎಂಬುದೇ ಈ ಕತೆ.

ವಿಮಾನ ಹಾರುವ ಮುಂಚೆ, ಪ್ರತಿ ಬೆಳಗ್ಗೆ, ರೆಕ್ಕೆಯ ಅಡಿಯ ಸಣ್ಣ ನಲ್ಲಿಯಿಂದ ಒಂದು ಗ್ಲಾಸು ಪೆಟ್ರೋಲು ಇಳಿಸಿ ಬೆಳಕಿಗೆ ಹಿಡಿಯಬೇಕು. ರಾತ್ರಿಯ ತೇವ ಟ್ಯಾಂಕಿನೊಳಗೆ ನೀರಾಗಿ ತಳ ಸೇರಿರುತ್ತದೆ. ಆ ನೀರು ಆಕಾಶದಲ್ಲಿ ಎಂಜಿನ್ನಿಗೆ ಹೋದರೆ ಎಂಜಿನ್ನು ಕೆಮ್ಮುತ್ತದೆ, ಆಮೇಲೆ ಕೆಮ್ಮುವುದನ್ನೂ ನಿಲ್ಲಿಸುತ್ತದೆ. ಸೀಸ ಬೆರೆತ ಆ ಪೆಟ್ರೋಲಿನ ಬಣ್ಣ ನೀಲಿ. ತೊಳೆದ ಶಾಯಿಯ ಹಾಗೆ ತಿಳಿನೀಲಿ. ಗ್ಲಾಸಿನ ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕೂತರೆ ಅದು ನೀರು. ಹಾಗೆ ಇಳಿಸಿದ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಸುರಿಯುವಂತಿಲ್ಲ. ಅದನ್ನು ಮುಚ್ಚಿದ ಡಬ್ಬಕ್ಕೆ ಹಾಕಿ, ತಿಂಗಳಿಗೊಮ್ಮೆ ಹೊರಗೆ ಕಳಿಸಿ ನಾಶ ಮಾಡಿಸಬೇಕು. ಹಾಗೆಂದು ನಿಯಮ. ಹಾಗೆ ಮಾಡಿದ್ದೇವೆಂದು ದಿನಾ ಬೆಳಗ್ಗೆ ಒಂದು ಪುಸ್ತಕದಲ್ಲಿ 'ನಾಶ ಮಾಡಲಾಗಿದೆ' ಎಂದು ಬರೆದು ಸಹಿ ಹಾಕುವುದು ಕಿವಿಯ ಕೆಲಸ.

ಆ ಡಬ್ಬ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಗೇಟು ದಾಟಲಿಲ್ಲ. ಅದು ಶೆಡ್ಡಿನ ಮೂಲೆಯಲ್ಲೇ ಇತ್ತು, ಮುಚ್ಚಳವಿಲ್ಲದೆ, ಬಾವಿಯ ಹಾಗೆ ಎಲ್ಲರಿಗೂ ಬೇಕಾಗಿ. ಗ್ರೀಸು ತೊಳೆಯಲು ಅದೇ, ಬೋಲ್ಟು ನೆನೆಹಾಕಲು ಅದೇ, ಕೆಲಸ ಮುಗಿದ ಮೇಲೆ ಮೊಣಕೈವರೆಗೆ ಕೈ ಮುಳುಗಿಸಿ ತಿಕ್ಕಿಕೊಳ್ಳಲೂ ಅದೇ. ಸೋಪಿಗಿಂತ ವಾಸಿ, ಒಂದೇ ತಿಕ್ಕಿಗೆ ಎಲ್ಲ ಹೋಗುತ್ತಿತ್ತು. ಅಲ್ಲದೆ ಅಲ್ಲಿ ಸೋಪೂ ಇರಲಿಲ್ಲ. ಉಳಿದದ್ದನ್ನು ಕಿವಿ ಬಾಟಲಿಯಲ್ಲಿ ಮನೆಗೆ ತರುತ್ತಿದ್ದ. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಜಿಡ್ಡಿಗೂ, ಗಿರಾಕಿಗಳ ಬಟ್ಟೆಯ ಎಣ್ಣೆಕಲೆಗೂ ಒಂದು ಚಿಂದಿ ಅದ್ದಿ ಒರೆಸಿದರೆ ಸಾಕು. ಯಜಮಾನರು ಬಾಟಲಿ ನೋಡಿದ್ದರು. ಒಮ್ಮೆ ನಕ್ಕೂ ಇದ್ದರು: "ತಗೊಂಡ್ಹೋಗೋ, ಚೆಲ್ಲೋದು ಯಾಕೆ? ನಮ್ಮನೆ ಕಸ ನಿಮ್ಮನೆ ರಸ."

ಮನೆ ಎಂದರೆ ಓಡುದಾರಿಯ ತುದಿಯಲ್ಲಿ, ತಂತಿಬೇಲಿಗೆ ಬೆನ್ನು ಕೊಟ್ಟು ನಿಂತ, ಕ್ಲಬ್ಬಿನವರೇ ಇರಲು ಕೊಟ್ಟ ತಗಡಿನ ಮಾಡಿನ ಎರಡು ಕೋಣೆ. ಹಾರುವ ಮುಂಚೆ ಪೈಲಟ್ಟುಗಳು ವಿಮಾನವನ್ನು ಅಲ್ಲಿ ನಿಲ್ಲಿಸಿ, ಎಂಜಿನ್ನನ್ನು ಜೋರಾಗಿ ಓಡಿಸಿ ಪರೀಕ್ಷೆ ಮಾಡುತ್ತಾರೆ. ಆಗ ಹಗ್ಗದ ಮೇಲಿನ ಬಟ್ಟೆಗಳೆಲ್ಲ ಒಂದೇ ದಿಕ್ಕಿಗೆ ಹಾರುತ್ತಿದ್ದವು, ಸೊಳ್ಳೆಪರದೆ ಉಬ್ಬುತ್ತಿತ್ತು, ಕಿಟಕಿಯ ಹಲಗೆಯ ಮೇಲೆ ನುಣ್ಣನೆಯ ಬೂದು ಧೂಳು ಕೂರುತ್ತಿತ್ತು. ಆ ಹಲಗೆಯ ಮೇಲೆ ಗಲ್ಲವಿಟ್ಟು ನಿಲ್ಲುತ್ತಿದ್ದವಳು ಅವರ ಒಬ್ಬಳೇ ಮಗಳು. ಅಪ್ಪ ಅವಳನ್ನು ಕರೆಯುತ್ತಿದ್ದದ್ದು 'ಕ್ಯಾಪ್ಟನ್' ಅಂತ.

ಇನ್ನು ಮಣಿಗಳ ವಿಷಯ. ಸೀಸದ ಪೆಟ್ರೋಲು ಉರಿದಾಗ ಸೀಸ ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ಸ್ವಲ್ಪ ಭಾಗ ಸ್ಪಾರ್ಕ್ ಪ್ಲಗ್ಗಿನ ಗಂಟಲಲ್ಲಿ ಕೂತು, ಕರಗಿ, ಗಟ್ಟಿಯಾಗಿ, ಸಾಸಿವೆ ಗಾತ್ರದ ಬೂದು ಮಣಿಗಳಾಗುತ್ತದೆ. ಐವತ್ತು ಗಂಟೆ ಹಾರಿದ ಮೇಲೆ ಪ್ಲಗ್ಗು ಬಿಚ್ಚಿ ಚೂಪು ಕಡ್ಡಿಯಿಂದ ಆ ಮಣಿಗಳನ್ನು ಎಬ್ಬಿಸಿ ತೆಗೆಯಬೇಕು, ಇಲ್ಲದಿದ್ದರೆ ಕಿಡಿ ಹಾರುವುದಿಲ್ಲ. ಕಿವಿ ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಮಗಳಿಗೆ ಮೂರು ತುಂಬಿದ ವರ್ಷ ಒಂದು ಪೆಪ್ಪರಮಿಂಟಿನ ತಗಡಿನ ಡಬ್ಬಿಯಲ್ಲಿ ತುಂಬಿ ಕೊಟ್ಟ.

"ಏನಪ್ಪಾ ಇದು?"

"ಮುತ್ತು ಕಣೇ ಕ್ಯಾಪ್ಟನ್. ಆಕಾಶದಲ್ಲಿ ಬೆಳೆಯೋದು. ಎಣಿಸು ನೋಡೋಣ."

ಅವಳು ಎಣಿಸಿದಳು. ಅಂಗೈ ಮೇಲೆ ಹರಡಿಕೊಂಡು, ನೆಲದ ಮೇಲೆ ಸಾಲು ಮಾಡಿ, ಹತ್ತು ಹತ್ತರ ಗುಂಪು ಕಟ್ಟಿ. ನಾಲ್ಕು ತುಂಬುವಷ್ಟರಲ್ಲಿ ನೂರು ದಾಟಿದಳು. ಲೆಕ್ಕ ಎಲ್ಲಿಯಾದರೂ ಸಿಕ್ಕಿಕೊಂಡರೆ ಒಂದು ಮಣಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ ಯೋಚಿಸುವುದು ಅವಳ ಅಭ್ಯಾಸ. ಮಣಿ ಸ್ವಲ್ಪ ಸಿಹಿ ಎನ್ನುತ್ತಿದ್ದಳು. ಅಪ್ಪ ಅದನ್ನೂ ಒಂದು ತಮಾಷೆ ಮಾಡಿಕೊಂಡಿದ್ದ: "ನಮ್ಮ ಕ್ಯಾಪ್ಟನ್ನಿಗೆ ಬಾಯಿ ಆಡಿದರೇನೇ ತಲೆ ಓಡೋದು, ಅವರಮ್ಮನ ಥರ." ಹೆಂಡತಿ ಒಳಗಿನಿಂದಲೇ ಗುಂಡಿ ಎಸೆಯುತ್ತಿದ್ದಳು, ಗುರಿ ತಪ್ಪದೆ. ಸುಖದ ದಿನಗಳು. ಸುಖದ ದಿನಗಳಲ್ಲೇ ಸುಣ್ಣದ ಗೋಡೆಗೆ ಗೆದ್ದಲು ಹತ್ತುವುದು.

ಆರನೇ ವರ್ಷಕ್ಕೆ ಅವಳು ಅರವತ್ತರಾಚೆ ಹೋಗದಾದಳು. ಏಳಕ್ಕೆ ನಲವತ್ತು. ಹೊಟ್ಟೆನೋವು ಎಂದು ತಟ್ಟೆ ತಳ್ಳುತ್ತಿದ್ದಳು. ಮೊದಲೆಲ್ಲ ನಗುತ್ತಿದ್ದವಳು ಸಣ್ಣ ಮಾತಿಗೂ ಕಿರುಚಿ ಗೋಡೆಗೆ ಒದೆಯುತ್ತಿದ್ದಳು. ಶಾಲೆಯ ಟೀಚರು ಕರೆಸಿ ಹೇಳಿದರು: "ನಿಮ್ಮ ಮಗಳಿಗೆ ಗಮನವೇ ಇಲ್ಲ. ಮನೇಲಿ ಮುದ್ದು ಜಾಸ್ತಿ ಅಂತ ಕಾಣತ್ತೆ. ಈ ವರ್ಷ ಹಿಂದಿನ ತರಗತೀಲಿ ಕೂರಲಿ. ಆಗಲೂ ಆಗದಿದ್ದರೆ ನಮ್ಮ ಶಾಲೇಲಿ ಇಟ್ಟುಕೊಳ್ಳೋಕಾಗಲ್ಲ."

ಕಿವಿಗೆ ಅವಮಾನವಾಯಿತು. ಸತ್ತ ಎಂಜಿನ್ನುಗಳನ್ನು ಎಬ್ಬಿಸಿ ಕೂರಿಸಿದವನು. "ನನ್ನ ಮಗಳ ತಲೆ ಸ್ಟಾರ್ಟ್ ಆಗಲ್ವಾ?" ಎಂದು ಹಠ ಹಿಡಿದ. ಅಭ್ಯಾಸ ಸಾಲದು ಎಂದು ತೀರ್ಮಾನಿಸಿ ಇನ್ನಷ್ಟು ಮಣಿ ತಂದ. ದಿನಾ ಸಂಜೆ ಕೆಲಸದ ಬಟ್ಟೆಯಲ್ಲೇ ಅವಳೆದುರು ಚಕ್ಕಂಬಕ್ಕಳ ಹಾಕಿ ಕೂತು ಎಣಿಸಲು ಹಚ್ಚಿದ. ತಪ್ಪಿದರೆ ಮೊದಲಿನಿಂದ. ಮತ್ತೆ ತಪ್ಪಿದರೆ ಕೆನ್ನೆಗೆ. ಅವಳು ಅಳುತ್ತ ಮಣಿ ಬಾಯಿಗೆ ಹಾಕಿಕೊಂಡು ಯೋಚಿಸುವಳು. ಎಷ್ಟು ಯೋಚಿಸಿದರೂ ಇಪ್ಪತ್ತೇಳರ ಮುಂದಿನದು ಬಾರದು. ಹೆಂಡತಿ ಅಡ್ಡ ಬರುತ್ತಿದ್ದಳು. "ಬಿಡ್ರೀ, ಕೂಸನ್ನ ಕೊಲ್ತೀರಾ?"

"ನೀನು ಸುಮ್ನಿರು. ಪ್ಲಗ್ಗಲ್ಲಿ ಮಸಿ ಕೂತ್ರೆ ಕೆರೆದೇ ತೆಗೀಬೇಕು. ಮುದ್ದು ಮಾಡಿದ್ರೆ ಹೋಗಲ್ಲ."

ಎಂಜಿನ್ನು ಏನು ತಿನ್ನುತ್ತಿದೆ ಎಂಬುದನ್ನು ಪ್ಲಗ್ಗಿನ ಬಣ್ಣ ನೋಡಿ ಹೇಳಬಲ್ಲವನು ಮಗಳು ಏನು ತಿನ್ನುತ್ತಿದ್ದಾಳೆಂದು ಎದುರಿಗೇ ಕೂತು ನೋಡಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪವೇ ಕತ್ತಲೆ ಕಾರುತ್ತಿತ್ತು.

ಎಂಟನೆಯ ವರ್ಷದಲ್ಲಿ ಒಂದು ದಿನ ಅವಳು ಶಾಲೆಯ ಬೆಂಚಿನಿಂದ ಬಿದ್ದು ಕೈಕಾಲು ಸೆಟೆಸಿದಳು. ಗಂಡಹೆಂಡಿರು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿನ ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ರಕ್ತ ತೆಗೆಸಿದರು. ನಾಲ್ಕು ದಿನ ಬಿಟ್ಟು ಕರೆದು, ಮಗುವಿನ ತುಟಿ ಎತ್ತಿ ಒಸಡು ನೋಡಿದರು, ಆಮೇಲೆ ಅಪ್ಪನ ಕೈ ನೋಡಿದರು. ಬೂದು ಹಿಡಿದ ಉಗುರು.

"ಏನು ಕೆಲಸ ನಿಮ್ದು?"

ಹೇಳಿದ. ಹೆಮ್ಮೆಯಿಂದಲೇ ಹೇಳಿದ.

"ಅಲ್ಲಿಂದ ಮನೆಗೆ ಏನಾದ್ರೂ ತರ್ತೀರಾ?"

"ಇಲ್ಲ ಮೇಡಂ. ಒಂದು ನಟ್ಟು ಕೂಡ ಮುಟ್ಟಿದವನಲ್ಲ ನಾನು."

ಕಳ್ಳತನದ ಮಾತು ಅಂದುಕೊಂಡಿದ್ದ. ಅಷ್ಟರಲ್ಲಿ ಕ್ಯಾಪ್ಟನ್ ಬಾಯಿಗೆ ಬೆರಳು ಹಾಕಿ, ನಾಲಗೆಯ ಅಡಿಯಿಂದ ಒಂದು ಬೂದು ಮಣಿ ತೆಗೆದು, ಎಂಜಲು ಒರೆಸಿ, ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟಳು. "ಇದು ತರ್ತಾರೆ. ಲೆಕ್ಕ ಮಾಡೋಕೆ. ನನ್ನ ಹತ್ರ ತುಂಬಾ ಇದೆ."

ಡಾಕ್ಟರಮ್ಮ ಆ ಮಣಿಯನ್ನು ಮುಟ್ಟಲಿಲ್ಲ. ಎಷ್ಟು ಹೊತ್ತು ನೋಡಿದರೆಂದರೆ ಹೆಂಡತಿ ಅಳಲು ಶುರುಮಾಡಿದಳು, ಯಾಕೆಂದು ತಿಳಿಯದೆಯೇ.

"ಇದು ಸೀಸ. ನಿಮ್ಮ ನೀಲಿ ಪೆಟ್ರೋಲೂ ಸೀಸ. ನಿಮ್ಮ ಬಟ್ಟೆ ಮೇಲಿರೋದೂ ಅದೇ. ಮಕ್ಕಳ ಮಿದುಳಿಗೆ ಇದು ವಿಷ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಚೆನ್ನಾಗಿತ್ತು. "ಔಷಧಿ ಕೊಡ್ತೀನಿ, ರಕ್ತದಲ್ಲಿರೋದು ಇಳಿಯತ್ತೆ. ತಲೇಲಿ ಹೋಗಿದ್ದು ಹೋಯ್ತು, ಅದು ವಾಪಸ್ ಬರಲ್ಲ. ಉಳಿದಿದ್ದನ್ನ ಉಳಿಸ್ಕೋಬೇಕು ಅಂದ್ರೆ ಎಲ್ಲಿಂದ ಬರ್ತಿದೆಯೋ ಅದು ನಿಲ್ಲಬೇಕು. ಪೂರ್ತಿ."

ಮನೆಗೆ ಬಂದವನೇ ಕಿವಿ ಆ ತಗಡಿನ ಡಬ್ಬಿಯನ್ನು ಹುಡುಕಿ ತೆಗೆದು, ಊರಾಚೆ ಆಳದ ಹಳ್ಳ ತೋಡಿ ಹೂತ. ಕ್ಯಾಪ್ಟನ್ ಹಿಂದೆಯೇ ಓಡಿ ಬಂದು ಅಂಗಿ ಹಿಡಿದೆಳೆದಳು. "ಅಪ್ಪಾ, ಇನ್ಮೇಲೆ ತಪ್ಪು ಎಣಿಸಲ್ಲ. ಕೊಡಪ್ಪಾ. ತಪ್ಪು ಎಣಿಸಲ್ಲ." ಅವಳು ಅದನ್ನು ಶಿಕ್ಷೆ ಎಂದುಕೊಂಡಿದ್ದಳು. ಅಪ್ಪ ಕೊಟ್ಟ ಪೆಟ್ಟುಗಳಿಗೆಲ್ಲ ಅವಳ ಬಳಿ ಕಾರಣವಿತ್ತು; ಅಪ್ಪನ ಬಳಿ ಈಗ ಒಂದೂ ಉಳಿದಿರಲಿಲ್ಲ.

ಬಾಟಲಿ ತರುವುದು ನಿಂತಿತು. ಹಲಗೆ, ನೆಲ, ಹೊಲಿಗೆ ಯಂತ್ರ ಎಲ್ಲವನ್ನೂ ಹೆಂಡತಿ ಒದ್ದೆ ಬಟ್ಟೆಯಲ್ಲಿ ಮೂರು ಮೂರು ಬಾರಿ ಒರೆಸಿದಳು. ಮಾರನೆಯ ಬೆಳಗ್ಗೆ ವಿಮಾನ ತುದಿಗೆ ಬಂದು ನಿಂತು ಗುಡುಗಿತು. ಸೊಳ್ಳೆಪರದೆ ಉಬ್ಬಿತು. ಹಲಗೆಯ ಮೇಲೆ ಮತ್ತೆ ಬೂದು.

ಕಿವಿ ಯಜಮಾನರ ಕೋಣೆಗೆ ಹೋದ.

ಕೇಳಲು ಅದು ಒಳ್ಳೆಯ ಕಾಲವೂ ಆಗಿತ್ತು. ಕ್ಲಬ್ಬಿನ ಎರಡೂ ಎಂಜಿನ್ನುಗಳ ಆಯಸ್ಸು ಮುಗಿದಿತ್ತು. ಇಷ್ಟು ಗಂಟೆ ಓಡಿದ ಮೇಲೆ ಬದಲಾಯಿಸಲೇಬೇಕು. ಮಾರುವವರು ಇಬ್ಬರು. ಒಬ್ಬನದು ಸ್ವಲ್ಪ ಕಡಿಮೆ ಶಕ್ತಿಯ ಜೋಡಿ, ಸೀಸವಿಲ್ಲದ ಪೆಟ್ರೋಲಿನಲ್ಲೇ ಓಡಲು ಒಪ್ಪಿಗೆ ಪಡೆದದ್ದು. ಇನ್ನೊಬ್ಬನದು ಹೆಚ್ಚು ಶಕ್ತಿಯ ಜೋಡಿ, ನೀಲಿಯೇ ಬೇಕೆನ್ನುವಂಥದ್ದು. ಯಜಮಾನರು ಎರಡನೆಯದಕ್ಕೆ ಮನಸ್ಸು ಮಾಡಿ, ಜೋಡಿಯಲ್ಲಿ ಒಂದನ್ನು ಪರೀಕ್ಷೆಗೆಂದು ತರಿಸಿದ್ದರು.

ಕಿವಿ ಎಲ್ಲ ಹೇಳಿದ. ಮಗಳ ರಕ್ತ, ಡಾಕ್ಟರಮ್ಮನ ಮಾತು, ಕೈ ತೊಳೆಯಲು ಸೋಪು ನೀರಿನ ಒಂದು ಕೋಣೆ, ಕೆಲಸದ ಬಟ್ಟೆ ಇಲ್ಲೇ ಬಿಟ್ಟುಹೋಗುವ ವ್ಯವಸ್ಥೆ. ಕೊನೆಗೆ, "ಸೀಸ ಇಲ್ಲದ ಎಂಜಿನ್ನೇ ತರಿಸಿ ಸಾರ್. ನೀಲಿ ಪೆಟ್ರೋಲು ನಿಂತುಹೋಗಲಿ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರೇನಲ್ಲ ಎಂದು ಅವರ ಬಗ್ಗೆ ಎಲ್ಲರೂ ಹೇಳುತ್ತಾರೆ. ಕೆಟ್ಟತನಕ್ಕೆ ಇಂಥ ಒಳ್ಳೆಯವರೇ ಬೇಕು. ಕೆಟ್ಟವರಾದರೆ ಜನ ಬೇಗ ಗುರುತು ಹಿಡಿಯುತ್ತಾರೆ.

"ಮಗು ವಿಷಯ ಕೇಳಿ ಸಂಕಟ ಆಯ್ತಪ್ಪಾ. ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ." ಮೇಜಿನ ಖಾನೆಯಿಂದ ಬೆಳಗಿನ ಪುಸ್ತಕ ತೆಗೆದು ತಿರುಗಿಸಿ ಅವನೆದುರು ತಳ್ಳಿದರು. "ಓದು."

ಓದಬೇಕಾಗಿರಲಿಲ್ಲ. ನಾಶ ಮಾಡಲಾಗಿದೆ. ನಾಶ ಮಾಡಲಾಗಿದೆ. ಪುಟದ ಮೇಲೆ ಪುಟ. ಕೆಳಗೆ ಅವನದೇ ಸಹಿ.

"ಎಲ್ಲಾ ನಾಶ ಮಾಡಿದೀನಿ ಅಂತ ನೀನೇ ಬರೆದಿದ್ದೀಯ. ಈಗ ನೋಡಿದ್ರೆ ಮನೆಗೆ ಒಯ್ದೆ ಅಂತೀಯ. ಕಾನೂನಲ್ಲಿ ಇದಕ್ಕೆ ಏನಂತಾರೆ ಗೊತ್ತಾ? ನಾನು ಹೇಳಲ್ಲ ಬಿಡು, ನೀನು ನಮ್ಮವನು."

"ನೀವೇ ತಗೊಂಡ್ಹೋಗು ಅಂದಿದ್ರಿ ಸಾರ್."

"ನಾನಾ?" ಅವರಿಗೆ ನಿಜಕ್ಕೂ ಆಶ್ಚರ್ಯವಾದಂತಿತ್ತು. "ನನ್ನ ಸಹಿ ಎಲ್ಲಾದ್ರೂ ಇದೆಯಾ?"

ಕಿವಿ ಪುಸ್ತಕ ಮುಚ್ಚಿದ.

"ಆ ಕಡಿಮೆ ಶಕ್ತೀದು ತಂದ್ರೆ ನಮ್ಮ ಚಿಕ್ಕ ಓಡುದಾರೀಲಿ ಇಬ್ಬರು ದಪ್ಪನೆಯವರು ಕೂತರೆ ಏಳಲ್ಲ. ನಿನಗೇ ಗೊತ್ತು. ಆದ್ರೂ ನಿನಗೋಸ್ಕರ ಒಂದು ಮಾತು ಕೊಡ್ತೀನಿ. ಈಗ ಬಂದಿರೋ ಎಂಜಿನ್ನು ಹತ್ತು ಗಂಟೆ ಓಡಲಿ. ಏನಾದ್ರೂ ದೋಷ ಕಂಡ್ರೆ ವಾಪಸ್ ಕಳಿಸಿ ಸೀಸ ಇಲ್ಲದ್ದೇ ತರಿಸ್ತೀನಿ. ನಿನ್ನ ಕಿವೀನೇ ಹೇಳಲಿ. ಆಯ್ತಾ?"

ಹತ್ತು ಗಂಟೆ ಓಡಿತು. ಕಿವಿ ಗಾಳಿ ತುಂಬಿ, ಕಣ್ಣು ಮುಚ್ಚಿ ಆಲಿಸಿದ. ಹೊಗೆಕೊಳವೆ ಮೌನ. ಆಯಿಲ್ ಬಾಯಿ ಮೌನ. ನಾಲ್ಕಕ್ಕೆ ನಾಲ್ಕೂ ಸಿಲಿಂಡರು ಬಾಯಿಗೆ ಬೀಗ ಹಾಕಿದ ಹಾಗೆ ಗಾಳಿ ಹಿಡಿದಿದ್ದವು. ಜೀವಮಾನದಲ್ಲಿ ಅಂಥ ಎಂಜಿನ್ನು ಕೇಳಿರಲಿಲ್ಲ ಅವನು. ಬೇರೆ ದಿನವಾಗಿದ್ದರೆ ಅದರ ಮೈ ತಟ್ಟಿ 'ಭೇಷ್' ಎನ್ನುತ್ತಿದ್ದ.

ಉಳಿದದ್ದು ಒಂದೇ ಪರೀಕ್ಷೆ. ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಲೋಹದ ಚೂರುಗಳಿವೆಯೇ ನೋಡಬೇಕು. ಇದ್ದರೆ ಒಳಗೆ ಎಲ್ಲೋ ಎಂಜಿನ್ನು ತನ್ನನ್ನೇ ತಾನು ತಿನ್ನುತ್ತಿದೆ ಎಂದರ್ಥ. ಅಂಥದನ್ನು ಯಾರೂ ಕೊಳ್ಳುವುದಿಲ್ಲ. ಕಿವಿ ಫಿಲ್ಟರ್ ಬಿಚ್ಚಿ ಬೆಂಚಿನ ಮೇಲಿಟ್ಟ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಲೋಹವನ್ನು ಕಚ್ಚಿ ಹಿಡಿಯುವ ಬಿಗಿಹಿಡಿ, ಅದರ ಕೆಳಗೆ ಯಾವತ್ತೋ ಉಕ್ಕು ಉಜ್ಜಿದಾಗ ಬಿದ್ದ ಅರದ ಪುಡಿ, ಮಿಣಮಿಣ. ಹೊರಗೆ ತುದಿಯಲ್ಲಿ ಯಾರದೋ ವಿಮಾನ ಗುಡುಗತೊಡಗಿತು. ಈಗ ಪರದೆ ಉಬ್ಬುತ್ತಿದೆ, ಈಗ ಹಲಗೆಯ ಮೇಲೆ ಕೂರುತ್ತಿದೆ ಎಂದುಕೊಂಡ. ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ ಫಿಲ್ಟರಿನ ಮಡಿಕೆಯೊಳಗೆ ಉದುರಿಸಿದ.

ಎಂಜಿನ್ನಿನ ಬಗ್ಗೆ ಅವನು ಹೇಳಿದ ಮೊದಲ ಸುಳ್ಳು ಅದು. ಬೆಳಗಿನ ಪುಸ್ತಕದ ಸುಳ್ಳುಗಳು ಲೆಕ್ಕಕ್ಕಿಲ್ಲ. ಅವನ್ನು ಹೇಳಿಸುತ್ತಿದ್ದವರು ಬೇರೆ, ಅವಕ್ಕೆ ಯಾರೂ ಸಿಟ್ಟಾಗುವವರೂ ಇರಲಿಲ್ಲ.

ಯಜಮಾನರು ಬಂದರು. ಜೊತೆಗೆ ಶೆಡ್ಡಿನ ಇನ್ನೊಬ್ಬ ಮೆಕ್ಯಾನಿಕ್. ಅವನು ಬೇರೆ ಯಾರೂ ಅಲ್ಲ, ಕಿವಿಯ ಭಾಮೈದ, ಹೆಂಡತಿಯ ಒಡಹುಟ್ಟಿದ ತಮ್ಮ. ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಆರು ವರ್ಷದ ಹಿಂದೆ ತಂದು ಸೇರಿಸಿ, ಕೈಹಿಡಿದು ಕಸುಬು ಕಲಿಸಿದವನು ಕಿವಿಯೇ.

"ನೋಡಿ ಸಾರ್," ಕಿವಿ ಆಯಸ್ಕಾಂತವನ್ನು ಮಡಿಕೆಯ ಮೇಲಾಡಿಸಿದ. ಪುಡಿ ಎದ್ದು ಅಂಟಿಕೊಂಡಿತು. "ಉಕ್ಕು. ಒಳಗೆ ಸವೀತಿದೆ. ಇದು ಬೇಡ ಸಾರ್."

ಯಜಮಾನರ ಮುಖ ಸಪ್ಪಗಾಯಿತು. ಭಾಮೈದ ಆಯಸ್ಕಾಂತ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಹತ್ತಿರ ತಂದು ನೋಡಿದ. ಭೂತಗನ್ನಡಿ ಹಿಡಿದು ಮತ್ತೆ ನೋಡಿದ. ಆಮೇಲೆ ಭಾವನ ಮುಖ ನೋಡಿದ.

"ಭಾವ, ಇದು ಸುರುಳಿ ಸುರುಳಿಯಾಗಿದೆಯಲ್ಲ?"

ಕಿವಿ ಫಿಲ್ಟರನ್ನು ಬೆಂಚಿನ ಆಚೆಗೆ ಸರಿಸಿದ.

"ಎಂಜಿನ್ನಲ್ಲಿ ಸವೆದಿದ್ದು ಮೀನಿನ ಪೊರೆ ಥರ ಚಪ್ಪಟೆ ಇರತ್ತೆ, ಅರದಲ್ಲಿ ಉಜ್ಜಿದ್ದು ಸುರುಳಿ ಇರತ್ತೆ. ನೀವೇ ಹೇಳಿಕೊಟ್ಟಿದ್ದು. ತಪ್ಪಿದ್ದಕ್ಕೆ ತಲೆಗೆ ಮೊಟಕಿದ್ರಿ ಕೂಡ." ಅವನಿಗೆ ತಡವಾಗಿ ಅರ್ಥವಾಯಿತು. ಅರ್ಥವಾದ ಮೇಲೆ ಸುಮ್ಮನಿರಬಹುದಿತ್ತು. ಯಜಮಾನರು ಅವನನ್ನೇ ನೋಡುತ್ತಿದ್ದರು. ಎರಡು ವರ್ಷದ ಮಗು ಅವನಿಗೂ ಇತ್ತು. ಊರಿನ ತುದಿಯಲ್ಲಿ ಬಾಡಿಗೆಯ ಒಂದೇ ಕೋಣೆ. "ಇದು ಅರದ ಪುಡಿ ಸಾರ್. ಬಿಗಿಹಿಡಿ ಕೆಳಗಿಂದು."

ಗುರುವಿಗೆ ತಿರುಮಂತ್ರ ಎನ್ನುವುದು ಇದಕ್ಕೇ. ಹಿಡಿಯುವ ಕೈಯನ್ನು ತಯಾರು ಮಾಡಿದವನು ತಾನೇ, ಸಿಕ್ಕಿಬಿದ್ದ ಕಳ್ಳನೂ ತಾನೇ.

ಯಜಮಾನರು ಕೂಗಾಡಲಿಲ್ಲ. ಕಣ್ಣಲ್ಲಿ ನೀರೇ ಬಂತು ಎಂದು ಭಾಮೈದ ಆಮೇಲೆ ಹೇಳಿದ. "ನಮ್ಮ ಕಿವಿ ಸುಳ್ಳು ಹೇಳಲ್ಲ ಅಂತ ಊರೆಲ್ಲ ಹೇಳ್ಕೊಂಡು ಓಡಾಡಿದೆನಲ್ಲೋ. ಎಂಜಿನ್ನಿನ ವಿಷಯದಲ್ಲಿ ಸುಳ್ಳು ಹೇಳೋನನ್ನ ಇಟ್ಕೊಂಡು ನಾನು ಜನರನ್ನ ಹೇಗೆ ಮೇಲೆ ಕಳಿಸ್ಲಿ? ಅವರ ಜೀವಕ್ಕೆ ಜವಾಬ್ದಾರಿ ಯಾರು?"

ಜೀವದ ಬಗ್ಗೆ ಆ ಶೆಡ್ಡಿನಲ್ಲಿ ಮಾತು ಎದ್ದದ್ದು ಅದೇ ಮೊದಲು. ಕೆಲಸ ಹೋಯಿತು. ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕು. ನೀಲಿ ಎಂಜಿನ್ನಿನ ಜೋಡಿ ಬಂತು. ಕಿವಿಯ ಜಾಗಕ್ಕೆ ಭಾಮೈದ, ಕಿವಿಯ ಮನೆಗೂ ಭಾಮೈದ.

ಸಾಮಾನು ಕಟ್ಟುವ ದಿನ ಅಕ್ಕ ತಮ್ಮನ ಜೊತೆ ಮಾತಾಡಲಿಲ್ಲ. ತಮ್ಮನ ಹೆಂಡತಿ ಮಾತ್ರ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತು, "ಅತ್ತಿಗೆ, ಒಲೆ ಬಿಟ್ಟು ಹೋಗ್ತೀರೋ, ತಗೊಂಡ್ಹೋಗ್ತೀರೋ?" ಎಂದು ಕೇಳಿದಳು. ಕಿವಿ ಹೇಳಬೇಕಾದದ್ದನ್ನೆಲ್ಲ ಹೇಳಿದ: ಬಟ್ಟೆ ಬೇರೆ ಒಗೆಯಿರಿ, ಹಲಗೆ ಒರೆಸಿ, ಡಬ್ಬದ ಪೆಟ್ರೋಲು ಮುಟ್ಟಬೇಡಿ, ಪ್ಲಗ್ಗಿನ ಮಣಿ ಮನೆಗೆ ತರಬೇಡಿ. ಭಾಮೈದ ತಲೆ ತಗ್ಗಿಸಿ ಹೂಂಗುಟ್ಟಿದ. ಪಶ್ಚಾತ್ತಾಪವಿದ್ದವನಿಗೆ ಬುದ್ಧಿಮಾತು ಕೇಳಿಸುವುದಿಲ್ಲ, ಬೈಗುಳಕ್ಕಾಗಿ ಕಾಯುತ್ತಿರುತ್ತಾನೆ.

ಅವರು ಹೋದದ್ದು ನಾಲ್ಕು ರಸ್ತೆ ಆಚೆಯ ಒಂದು ಕೋಣೆಗೆ. ಕಿವಿ ಈಗ ನೀರಿನ ಪಂಪುಗಳನ್ನು ರಿಪೇರಿ ಮಾಡುತ್ತಾನೆ. ಕ್ಯಾಪ್ಟನ್ನಿನ ರಕ್ತದಲ್ಲಿ ಸೀಸ ಇಳಿಯಿತು. ಹೊಟ್ಟೆನೋವು ನಿಂತಿತು. ಶಾಲೆಯವರು ಹೆಸರು ತೆಗೆದರು. ಒಂಬತ್ತು ವರ್ಷದ ಹುಡುಗಿ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿಗಳನ್ನು ಬಣ್ಣವಾರು ಬೇರೆ ಮಾಡುತ್ತಾಳೆ, ಎಣಿಸುವುದಿಲ್ಲ. ಯಾರಾದರೂ ಎಣಿಸು ಎಂದರೆ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಳ್ಳುತ್ತಾಳೆ.

ಐದು ತಿಂಗಳಾದ ಮೇಲೆ, ರಕ್ತಸಂಬಂಧ ಎಷ್ಟು ದಿನ ಹಗೆ ಸಾಧಿಸೀತು ಎಂದು, ಹೆಂಡತಿಯೇ ತಮ್ಮನ ಮನೆಗೆ ಹೋಗೋಣವೆಂದಳು. ಮೂವರೂ ಹೋದರು. ಹಗ್ಗದ ಮೇಲೆ ಭಾಮೈದನ ಕೆಲಸದ ಅಂಗಿ, ಪಕ್ಕದಲ್ಲೇ ಅಂಗೈಯಗಲದ ಅಂಗಿಗಳು. ಒಳಗೆ ನೆಲದ ಮೇಲೆ ಮಗು ಕೂತಿತ್ತು. ಅದರ ಮುಂದೆ ಒಂದು ಬಟ್ಟೆಯ ಪುಟ್ಟ ಚೀಲ, ಕಿವಿಯ ಹೆಂಡತಿಯೇ ಯಾವತ್ತೋ ಹೊಲಿದದ್ದು. ಅದರಿಂದ ಸುರಿದ ಬೂದು ಮಣಿಗಳು. ಒಂದು ಮಣಿ ಮಗುವಿನ ಬಾಯಲ್ಲಿ.

ಕಿವಿ ನುಗ್ಗಿ, ಮಗುವಿನ ದವಡೆ ಹಿಡಿದು, ಬೆರಳು ಹಾಕಿ ತೆಗೆದ. ಮಗು ಕಿಟಾರನೆ ಕಿರುಚಿತು.

"ಅಣ್ಣಾ, ಏನಾಗಿದೆ ನಿಮಗೆ?" ತಮ್ಮನ ಹೆಂಡತಿ ಓಡಿಬಂದು ಮಗುವನ್ನು ಕಿತ್ತುಕೊಂಡಳು. "ಕೂಸಿನ ಆಟದ ಸಾಮಾನು ಕಸ್ಕೊಳ್ಳೋಕೆ ಬಂದ್ರಾ?"

"ಇದೆಲ್ಲಿಂದ ಬಂತು?"

"ನಿಮ್ಮ ಮಗಳೇ ಕೊಟ್ಟಿದ್ದು! ಮನೆ ಬಿಡೋ ದಿನ."

ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಅಪ್ಪ ಹೂಳುವ ಮುಂಚೆ ಒಂದು ಹಿಡಿ ಬಚ್ಚಿಟ್ಟಿದ್ದಳು. ಇದ್ದ ಆಸ್ತಿಯನ್ನೆಲ್ಲ ಮಾವನ ಮಗುವಿಗೆ ಕೊಟ್ಟು ಬಂದಿದ್ದಳು. "ಪಾಪುಗೆ ಲೆಕ್ಕ ಬರ್ಲಿ ಅಂತ. ನಂಗೆ ಬರಲ್ವಲ್ಲ."

ಭಾಮೈದ ಹಿತ್ತಲಿಂದ ಬಂದ. ಕೈ ಮೊಣಕೈವರೆಗೆ ಒದ್ದೆ, ಆ ವಾಸನೆ. ಕಿವಿ ಅವನ ಕೈ ಹಿಡಿದುಕೊಂಡ. "ನಿನ್ನ ಕಾಲಿಗೆ ಬೀಳ್ತೀನೋ. ಮಗೂನ ರಕ್ತ ಒಂದ್ಸಲ ತೋರಿಸು."

"ಭಾವ, ನಿಮ್ಮ ಮಗಳು ಹೀಗಾದ್ಲು ಅಂತ ಎಲ್ಲರ ಮಕ್ಕಳೂ ಹಾಗೇ ಆಗ್ಬೇಕಾ? ಯಜಮಾನ್ರು ಹೇಳಿದ್ರು, ಅದು ಹುಟ್ಟಿನಿಂದಲೇ ಇದ್ದ ದೋಷ ಅಂತ. ಕೆಲಸ ಹೋದ ಹೊಟ್ಟೆಯುರಿ ಮಗು ಮೇಲೆ ತೀರಿಸ್ಕೋಬೇಡಿ. ಹೋಗಿ."

"ಅಕ್ಕಾ, ಕರ್ಕೊಂಡು ಹೋಗು ಇವರನ್ನ," ಎಂದು ಒಡಹುಟ್ಟಿದವಳಿಗೂ ಹೇಳಿದ. ಬೇಲಿಯಾಚೆ ವಿಮಾನ ಗುಡುಗಲು ಶುರುವಾಯಿತು, ಅವಳು ಏನು ಉತ್ತರ ಕೊಟ್ಟಳೋ ಯಾರಿಗೂ ಕೇಳಿಸಲಿಲ್ಲ. ಆ ಎಂಜಿನ್ನಿನ ಸದ್ದನ್ನು ಮಾತ್ರ ಕಿವಿ ಕೇಳಿದ. ಒಂದು ದೋಷವೂ ಇರಲಿಲ್ಲ.

ಅವರು ಬೀದಿಗೆ ಇಳಿಯುವಾಗ ಒಳಗೆ ಭಾಮೈದ ಮಗುವನ್ನು ಸಮಾಧಾನ ಮಾಡುತ್ತಿದ್ದ. "ಅಳಬೇಡ ರಾಜಾ, ನಾಳೆ ಪ್ಲಗ್ಗು ಬಿಚ್ಚೋದಿದೆ, ಇನ್ನೂ ತುಂಬಾ ತಂದ್ಕೊಡ್ತೀನಿ."

ಕಿವಿಯ ಮಾತು ಆ ಮನೆಯಲ್ಲಿ ಇನ್ನು ನಡೆಯುವುದಿಲ್ಲ. ಅವನು ಸುಳ್ಳ, ಕಳ್ಳ, ಹೊಟ್ಟೆಕಿಚ್ಚಿನವನು. ಸಹಿ ಸಮೇತ ಸಾಬೀತಾಗಿದೆ. ನಿಮ್ಮ ಮಾತು ನಡೆಯುತ್ತದೆ, ಯಾಕೆಂದರೆ ನೀವು ಗಿರಾಕಿ. ಮಗಳ ಹುಟ್ಟುಹಬ್ಬಕ್ಕೆ ಆಕಾಶದಲ್ಲಿ ಒಂದು ಸುತ್ತು ಹೊಡೆಸಬೇಕೆಂದು ಅಂಥದೇ ಒಂದು ಕ್ಲಬ್ಬಿನ ಗೇಟಿಗೆ ನೀವು ಹೋಗುತ್ತೀರಿ, ಇವತ್ತಲ್ಲ ನಾಳೆ. ಹೋಗಿ. ಆದರೆ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಫೋಟೋ ತೆಗೆಯುವ ಮುಂಚೆ ಪೆಟ್ರೋಲಿನ ಬಣ್ಣ ಯಾವುದೆಂದು ಕೇಳಿ. ನೀಲಿ ಎಂದರೆ, ಕೆಲಸದವರು ಕೈ ತೊಳೆಯುವ ಜಾಗ ತೋರಿಸಿ ಎನ್ನಿ. ತೋರಿಸದಿದ್ದರೆ ಶೆಡ್ಡಿನ ಹಿಂದಕ್ಕೆ, ಬೇಲಿಯ ತನಕ ನೀವೇ ನಡೆಯಿರಿ. ಹಗ್ಗದ ಮೇಲೆ ಅಂಗೈಯಗಲದ ಅಂಗಿ ಒಣಗುತ್ತಿದ್ದರೆ ಆ ಮನೆಯ ಬಾಗಿಲು ತಟ್ಟಿ, ಒಳಗಿರುವ ಮಗುವಿನ ಬಾಯಿ ತೆರೆಸಿ ನೋಡಿ.